ಮೂರು ಬಾರಿ ಟೇಸ್ ಆದಮೇಲೆ ಆಂಕಾಲಜಿಸ್ಟ್ ಬಳಿಗೆ

ನಿನ್ನೆ ಸಂಜೆ ಪರಿಚಯದ ಹುಡುಗಿಯೊಬ್ಬಳು ತನ್ನ ತಂದೆಯ ಕಡತವನ್ನು ನನ್ನ ಮುಂದೆ ಬಿಚ್ಚಿಟ್ಟುಕೊಂಡು ಕುಳಿತಳು. ಯಕೃತ್ತಿನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಮಾಡಲು ಬರುವುದಿಲ್ಲವೆಂದು ಮೊದಲ ಭೇಟಿಯಲ್ಲೇ ತೀರ್ಮಾನವಾಗಿದೆ. ಆಮೇಲೆ ಒಂದರ ಹಿಂದೊಂದರಂತೆ ಮೂರು ಬಾರಿ ಟೇಸ್, ಅಂದರೆ ಗೆಡ್ಡೆಗೆ ಹೋಗುವ ರಕ್ತನಾಳದೊಳಗೆ ಕೀಮೋ ಔಷಧಿ ಬಿಟ್ಟು ಅದನ್ನು ಮುಚ್ಚುವ ಚಿಕಿತ್ಸೆ, ನಡೆದಿದೆ. ನಾನು ಸ್ಕ್ಯಾನ್ ವರದಿಗಿಂತ ಮೊದಲು ರಕ್ತಪರೀಕ್ಷೆಯ ಹಾಳೆಗಳನ್ನು ತಿರುವಿದೆ. ಯಕೃತ್ತು ಸೋಲುತ್ತಿದ್ದಂತೆ ರಕ್ತದಲ್ಲಿ ಏರುವ ಬಿಲಿರುಬಿನ್ ಮೊದಲು 0.9, ನಂತರ 1.4, ಈಗ 2.3. ಯಕೃತ್ತು ತಯಾರಿಸುವ ಪ್ರೋಟೀನಾದ ಆಲ್ಬುಮಿನ್ 3.8 ಇದ್ದದ್ದು 3.3ಕ್ಕೆ ಇಳಿದು, ಈಗ 2.9. ಹೊಟ್ಟೆಯಲ್ಲಿ ಸ್ವಲ್ಪ ನೀರು ಸೇರಿಕೊಂಡಿದೆ. ಕೊನೆಯ ಹಾಳೆಯ ಅಡಿಯಲ್ಲಿ ಬೇರೆ ಶಾಯಿಯಲ್ಲಿ ಒಂದು ಸಾಲು: ಇಮ್ಯುನೋಥೆರಪಿಗಾಗಿ ಆಂಕಾಲಜಿಸ್ಟ್ ಅವರನ್ನು ಕಾಣುವುದು. ಅಂದರೆ, ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಂಜೆಕ್ಷನ್‌ಗಾಗಿ ಕ್ಯಾನ್ಸರ್ ಔಷಧಿ ತಜ್ಞರ ಬಳಿಗೆ. "ಅಕ್ಕಾ, ಈ ಇಂಜೆಕ್ಷನ್ ಮೊದಲೇ ಕೊಡಬಹುದಿತ್ತಾ?" ಎಂದು ಅವಳು ಕೇಳಿದಳು.

ಆ ಒಬ್ಬ ಮನುಷ್ಯನ ವಿಷಯದಲ್ಲಿ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತೆಂದು ಯಾರೂ ಹೇಳಲಾರರು, ನಾನೂ ಹೇಳಲಿಲ್ಲ. ನನ್ನ ಸಿಟ್ಟಿಗೆ ಕಾರಣ ಬೇರೆ. ಬಿಲಿರುಬಿನ್ 0.9 ಇದ್ದ ಆ ಮೊದಲ ದಿನಗಳಲ್ಲಿ ಯಕೃತ್ತಿನ ತಜ್ಞರು, ಟೇಸ್ ಮಾಡುವ ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್, ಆಂಕಾಲಜಿಸ್ಟ್, ರೇಡಿಯೇಶನ್ ವಿಭಾಗದವರು, ಶಸ್ತ್ರಚಿಕಿತ್ಸಕರು ಒಟ್ಟಿಗೆ ಕುಳಿತು ಈ ಕಡತವನ್ನು ನೋಡಿದ್ದರ ಗುರುತು ಅದರಲ್ಲಿ ಎಲ್ಲಿಯೂ ಇಲ್ಲ. ಒಂದು ವಿಭಾಗದವರು ತಮ್ಮಿಂದ ಆಗುವುದನ್ನೆಲ್ಲ ಮಾಡಿ ಮುಗಿಸಿ, ಇನ್ನು ಆಗದು ಎಂದಾಗ ಮುಂದಿನ ವಿಭಾಗಕ್ಕೆ ದಾಟಿಸಿದ್ದಾರೆ. ದಾಟಿಸುವ ಹೊತ್ತಿಗೆ ರೋಗಿಯ ಕೈಯಲ್ಲಿ ಉಳಿದಿದ್ದ ಬಂಡವಾಳವೇ, ಅಂದರೆ ಕೆಲಸ ಮಾಡುವ ಯಕೃತ್ತೇ, ಖರ್ಚಾಗಿ ಹೋಗಿದೆ.

ಟೇಸ್ ನಡೆಯುವ ಆಂಜಿಯೋ ಕೋಣೆಯಲ್ಲಿ ವರ್ಷಗಟ್ಟಲೆ ನರ್ಸ್ ಆಗಿ ನಿಂತವಳು ನಾನೆಂಬುದು ನಿಮಗೆಲ್ಲ ಗೊತ್ತಿರುವುದರಿಂದ, ಟೇಸ್ ಬಗ್ಗೆ ನನಗೆ ತಾತ್ಸಾರವಿದೆಯೆಂದು ಯಾರೂ ಭಾವಿಸಲಾರಿರಿ. ಆ ಚಿಕಿತ್ಸೆಯ ಹಿಂದಿರುವ ಆಲೋಚನೆಯೇ ಸೊಗಸಾದದ್ದು. ಆರೋಗ್ಯವಂತ ಯಕೃತ್ತಿಗೆ ಬೇಕಾದ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ವೇನ್ ಮೂಲಕ ಸಿಗುತ್ತದೆ. ಕ್ಯಾನ್ಸರ್ ಗೆಡ್ಡೆಯಾದರೋ ಬಹುಮಟ್ಟಿಗೆ ಯಕೃತ್ತಿನ ಅಪಧಮನಿಯಿಂದಲೇ ರಕ್ತ ಹೀರುತ್ತದೆ. ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ಕ್ಯಾತಿಟರ್ ಎಂಬ ಸೂಕ್ಷ್ಮ ಕೊಳವೆ ತೂರಿಸಿ, ಗೆಡ್ಡೆಗೆ ಹೋಗುವ ಕವಲನ್ನೇ ಹುಡುಕಿ, ಅಲ್ಲಿ ಕೀಮೋ ಔಷಧಿಯನ್ನು ಸುರಿದು ಆ ಕವಲನ್ನು ಮುಚ್ಚಿಬಿಟ್ಟರೆ ಗೆಡ್ಡೆ ಹಸಿದು ಸಾಯುತ್ತದೆ, ಸುತ್ತಲಿನ ಯಕೃತ್ತು ಬಹುಪಾಲು ಉಳಿದುಕೊಳ್ಳುತ್ತದೆ. ಡೈ ಬಿಟ್ಟ ಕೂಡಲೇ ಪರದೆಯ ಮೇಲೆ ಗೆಡ್ಡೆ ಮಸಿ ಚೆಲ್ಲಿದ ಹಾಗೆ ಕಪ್ಪಗೆ ಮೂಡುವುದನ್ನೂ, ಕವಲು ಮುಚ್ಚಿದ ಮೇಲೆ ಮತ್ತೊಮ್ಮೆ ಡೈ ಬಿಟ್ಟಾಗ ಆ ಕಪ್ಪು ಕಾಣಿಸದಿರುವುದನ್ನೂ ನಾನು ಪ್ರತಿ ಬಾರಿಯೂ ಉಸಿರು ಹಿಡಿದೇ ನೋಡಿದ್ದೇನೆ. ಇದರಿಂದ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆಂಬುದನ್ನು 2002ರಲ್ಲಿ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್‌ನಿಂದ ಬಂದ ಎರಡು ಅಧ್ಯಯನಗಳು ತೋರಿಸಿಕೊಟ್ಟವು.

ಆದರೆ ಈ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದೇ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮದ್ಯ ಅಥವಾ ಕೊಬ್ಬಿನಿಂದ ಮೊದಲೇ ಗಾಯಗೊಂಡು ಗಟ್ಟಿಯಾದ ಯಕೃತ್ತಿನಲ್ಲಿ. ಅಲ್ಲಿ ರೋಗ ಒಂದಲ್ಲ, ಎರಡು: ಗೆಡ್ಡೆ ಮತ್ತು ಸಿರೋಸಿಸ್. ಪ್ರತಿ ಟೇಸ್ ಗೆಡ್ಡೆಗೆ ಕೊಡುವ ಪೆಟ್ಟಿನಲ್ಲಿ ಒಂದು ಪಾಲು ಸಿರೋಸಿಸ್ ಆದ ಯಕೃತ್ತಿಗೂ ತಗಲುತ್ತದೆ. ಗೆಡ್ಡೆ ಒಂದೇ ಇದ್ದು, ಚಿಕ್ಕದಾಗಿದ್ದು, ಅದರ ಕವಲನ್ನು ಮಾತ್ರ ಮುಚ್ಚಲು ಸಾಧ್ಯವಾದರೆ ಈ ವ್ಯಾಪಾರದಲ್ಲಿ ಲಾಭವಿದೆ. ಯಕೃತ್ತಿನ ಎಡ, ಬಲ ಎರಡೂ ಭಾಗಗಳಲ್ಲಿ ಹತ್ತಾರು ಗೆಡ್ಡೆಗಳು ಹರಡಿಕೊಂಡಿದ್ದಾಗ ಮತ್ತೆ ಮತ್ತೆ ಟೇಸ್ ಮಾಡುತ್ತಾ ಹೋದರೆ ಯಕೃತ್ತು ಮೊದಲು ಸೋಲುತ್ತದೆ. ಹರಡಿದ ಅಂಥ ರೋಗಕ್ಕೆ ನೇರವಾಗಿ ಇಡೀ ದೇಹಕ್ಕೆ ಹೋಗುವ ಔಷಧಿಯಿಂದಲೇ ಆರಂಭಿಸಬೇಕೆಂದು ಯಕೃತ್ತಿನ ಕ್ಯಾನ್ಸರ್ ಯಾವ ಹಂತದಲ್ಲಿದೆಯೆಂದು ಅಳೆಯಲು ವೈದ್ಯರು ಬಳಸುವ ಬಾರ್ಸಿಲೋನಾದವರ ಹಂತ ವಿಂಗಡಣೆಯೇ 2022ರ ಪರಿಷ್ಕರಣೆಯಲ್ಲಿ ಹೇಳಿದೆ. ಎರಡು ಟೇಸ್‌ಗೂ ಗೆಡ್ಡೆ ಬಗ್ಗದಿದ್ದರೆ ಮೂರನೆಯದಕ್ಕೆ ದಿನ ಗೊತ್ತುಮಾಡುವ ಮೊದಲು ಯಾರಾದರೂ ತಡೆದು ಕೇಳಬೇಕಿತ್ತು. ಯಾರೂ ಕೇಳಿಲ್ಲ.

ಇನ್ನೊಂದು ಕಡೆ ಇಷ್ಟು ವರ್ಷಗಳಲ್ಲಿ ಔಷಧಿಗಳ ಲೋಕವೇ ಬದಲಾಗಿದೆ. 2008ರಲ್ಲಿ ಸೊರಾಫೆನಿಬ್ ಮಾತ್ರೆ ಸರಾಸರಿ ಆಯುಷ್ಯವನ್ನು 7.9 ತಿಂಗಳಿಂದ 10.7 ತಿಂಗಳಿಗೆ ಏರಿಸಿದ್ದೇ ದೊಡ್ಡ ಸುದ್ದಿಯಾಗಿತ್ತು. ರೋಗನಿರೋಧಕ ಕಣಗಳ ಮೇಲಿರುವ ತಡೆಗಳನ್ನು ಗುರುತಿಸಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂದಿತು. ಎರಡೇ ವರ್ಷಗಳಲ್ಲಿ, 2020ರಲ್ಲಿ, ಅಂಥ ತಡೆ ತೆಗೆಯುವ ಅಟೆಜೊಲಿಜುಮಾಬ್ ಮತ್ತು ಅದರ ಜೊತೆಗಾರ ಬೆವಾಸಿಜುಮಾಬ್, ಈ ಎರಡು ಔಷಧಿಗಳ ಜೋಡಿ ಸೊರಾಫೆನಿಬ್ ಅನ್ನು ಹಿಂದಿಕ್ಕಿತು. ಮುಂದಿನ ಲೆಕ್ಕದಲ್ಲಿ ಆ ಜೋಡಿ ಪಡೆದವರ ಸರಾಸರಿ ಆಯುಷ್ಯ 19.2 ತಿಂಗಳು, ಸೊರಾಫೆನಿಬ್ ಪಡೆದವರದು 13.4 ತಿಂಗಳು. ತಡೆ ತೆಗೆಯುವ ಔಷಧಿಗಳೇ ಆದ ಟ್ರೆಮೆಲಿಮುಮಾಬ್ ಒಂದು ಡೋಸ್ ಕೊಟ್ಟು ಡರ್ವಾಲುಮಾಬ್ ಮುಂದುವರಿಸಿದ ಇನ್ನೊಂದು ಅಧ್ಯಯನದಲ್ಲಿ ಐದು ವರ್ಷಗಳ ನಂತರವೂ ಬದುಕಿದ್ದವರು ಶೇಕಡಾ 19.6. ಮುಂದುವರಿದ ಯಕೃತ್ತಿನ ಕ್ಯಾನ್ಸರ್‌ನಲ್ಲಿ ಐವರಲ್ಲಿ ಒಬ್ಬರು ಐದು ವರ್ಷ ದಾಟುವುದನ್ನು ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಯಾರೂ ಊಹಿಸಿರಲಿಲ್ಲ. ಆದರೆ ಈ ಅಧ್ಯಯನಗಳೆಲ್ಲ ಬಹುತೇಕ ಚೈಲ್ಡ್-ಪ್ಯೂ ಎ ದರ್ಜೆಯ, ಅಂದರೆ ಯಕೃತ್ತು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುವ ರೋಗಿಗಳ ಮೇಲೆ ನಡೆದವು. ನಿನ್ನೆಯ ಕಡತದ ಮೊದಲ ಹಾಳೆ ಎ ದರ್ಜೆಯದು, ಕೊನೆಯ ಹಾಳೆ ಬಿ ದರ್ಜೆಯದು. ನನ್ನ ತಕರಾರು ಇಷ್ಟೇ, ಇದನ್ನೇ ಎಷ್ಟು ಬಾರಿಯಾದರೂ ಹೇಳುತ್ತೇನೆ: ಯಕೃತ್ತು ಸೋತ ಮೇಲೆ ಕಳಿಸಿದರೆ, ಒಳ್ಳೆಯ ಯಕೃತ್ತಿನಲ್ಲಿ ಪರೀಕ್ಷಿಸಿದ ಔಷಧಿಯಿಂದ ಏನನ್ನು ನಿರೀಕ್ಷಿಸಬೇಕು?

ಟೇಸ್ ಮತ್ತು ಇಮ್ಯುನೋಥೆರಪಿ ಎರಡನ್ನೂ ಕೂಡಿಸುವುದಕ್ಕೆ ಜೀವಶಾಸ್ತ್ರದ ಕಾರಣವೂ ಇದೆ. ಟೇಸ್, ಶಾಖ ಹಾಯಿಸಿ ಸುಡುವ ಅಬ್ಲೇಶನ್, ಗುರಿಯಿಟ್ಟು ಕೊಡುವ ರೇಡಿಯೇಶನ್, ವಿಕಿರಣ ಸೂಸುವ ಇಟ್ರಿಯಂ-90 ತುಂಬಿದ ಸೂಕ್ಷ್ಮ ಮಣಿಗಳು, ಇವುಗಳಲ್ಲಿ ಯಾವುದರಿಂದ ಗೆಡ್ಡೆ ಒಡೆದರೂ ಅದರೊಳಗೆ ಅಡಗಿದ್ದ ಪ್ರೋಟೀನುಗಳು ಹೊರಬೀಳುತ್ತವೆ, ರೋಗನಿರೋಧಕ ಕಣಗಳಿಗೆ ಶತ್ರುವಿನ ಗುರುತು ಸಿಗುತ್ತದೆ. ಆ ಹೊತ್ತಿನಲ್ಲಿ ಇಮ್ಯುನೋಥೆರಪಿ ಕಣಗಳ ಮೇಲಿನ ತಡೆಯನ್ನು ತೆಗೆದರೆ, ಕ್ಯಾತಿಟರ್ ತಲುಪದ, ಸ್ಕ್ಯಾನ್‌ನಲ್ಲಿ ಕಾಣದ ಸಣ್ಣ ಗೆಡ್ಡೆಗಳನ್ನೂ ಅವು ಹುಡುಕಿ ಹೋಗಬಹುದೆಂಬುದು ಇದರ ಹಿಂದಿನ ತರ್ಕ. ಟೇಸ್‌ಗೆ ಇನ್ನೊಂದು ಮುಖವಿದೆ. ರಕ್ತ ನಿಂತಾಗ ಆಮ್ಲಜನಕ ಸಾಲದೆ, ಅಳಿದುಳಿದ ಕ್ಯಾನ್ಸರ್ ಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಹೆಚ್ಚಾಗಿ ಸುರಿಸುತ್ತವೆ. ಅದು ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳುವುದಲ್ಲದೆ ರೋಗನಿರೋಧಕ ಕಣಗಳನ್ನೂ ಮಂಕಾಗಿಸುತ್ತದೆ. ಬೆವಾಸಿಜುಮಾಬ್ ಹಿಡಿದು ನಿಲ್ಲಿಸುವುದು ಇದೇ ವಿಇಜಿಎಫ್ ಅನ್ನು.

616 ಜನರ ಎಮೆರಾಲ್ಡ್-1 ಅಧ್ಯಯನದಲ್ಲಿ ಈ ತರ್ಕಕ್ಕೆ ಪುರಾವೆ ಸಿಕ್ಕಿತು. ಟೇಸ್ ಮಾತ್ರ ಪಡೆದವರಲ್ಲಿ ರೋಗ ಸರಾಸರಿ 8.2 ತಿಂಗಳು ಹದ್ದುಬಸ್ತಿನಲ್ಲಿದ್ದರೆ, ಟೇಸ್ ಜೊತೆಗೆ ಡರ್ವಾಲುಮಾಬ್ ಮತ್ತು ಬೆವಾಸಿಜುಮಾಬ್ ಪಡೆದವರಲ್ಲಿ 15 ತಿಂಗಳು ಇತ್ತು. ಬೆವಾಸಿಜುಮಾಬ್ ಇಲ್ಲದೆ ಡರ್ವಾಲುಮಾಬ್ ಒಂದನ್ನೇ ಸೇರಿಸಿದ ಗುಂಪಿನಲ್ಲಿ ಸಿಕ್ಕ ಲಾಭ ನಿರ್ಣಾಯಕವಾಗಿರಲಿಲ್ಲ. 480 ಜನರ ಲೀಪ್-012ರಲ್ಲಿ ಟೇಸ್ ಜೊತೆ ರಕ್ತನಾಳಗಳ ಬೆಳವಣಿಗೆ ತಡೆಯುವ ಲೆನ್ವಾಟಿನಿಬ್ ಮಾತ್ರೆ ಮತ್ತು ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೋಥೆರಪಿ ಕೊಟ್ಟಾಗ ಆ ಅವಧಿ 10 ತಿಂಗಳಿಂದ 14.6ಕ್ಕೆ ಏರಿತು. ಎರಡೂ 2025ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದವು. ನನಗೆ ಇವೆರಡಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಹಾಂಗ್‌ಕಾಂಗ್‌ನ 33 ಜನರ ಒಂದು ಚಿಕ್ಕ ಅಧ್ಯಯನ. ಶಸ್ತ್ರಚಿಕಿತ್ಸೆ ಆಗದೆಂದು ನಿರ್ಧಾರವಾಗಿದ್ದವರಿಗೆ ಅಲ್ಲಿ ಮೊದಲು ಟೇಸ್, ಆಮೇಲೆ ಗುರಿಯಿಟ್ಟ ರೇಡಿಯೇಶನ್, ಅದರ ನಂತರ ಅವೆಲುಮಾಬ್ ಎಂಬ ಇಮ್ಯುನೋಥೆರಪಿ ಕೊಟ್ಟರು. 18 ಜನ ಗುಣಪಡಿಸುವ ಚಿಕಿತ್ಸೆಗೆ ಅರ್ಹರಾಗುವ ಹಂತ ತಲುಪಿದರು. ಅವರಲ್ಲಿ 14 ಜನರ ಸ್ಕ್ಯಾನ್‌ನಲ್ಲಿ ಜೀವಂತ ಗೆಡ್ಡೆಯೇ ಕಾಣಲಿಲ್ಲ. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲವಾದ್ದರಿಂದ ಇದನ್ನು ಅಂತಿಮ ಪುರಾವೆ ಎನ್ನಲಾಗದು. ಆದರೂ ಆ ಪುಟವನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಕಣ್ಣೆದುರಿಗೆ ಸಾಲು ಸಾಲಾಗಿ ಬಂದವರು ನಮ್ಮ ಕೋಣೆಯ ಮೇಜಿನ ಮೇಲೆ ಮಲಗಿದ್ದ ಹಳೆಯ ರೋಗಿಗಳು.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತಿದೆ. ರೋಗ ಬೆಳೆಯದೆ ನಿಂತ ಅವಧಿ ಹೆಚ್ಚಾದರೂ, ಫಲಿತಾಂಶ ಪ್ರಕಟವಾದಾಗ ಒಟ್ಟು ಆಯುಷ್ಯ ಹೆಚ್ಚಾಯಿತೆಂಬುದನ್ನು ಈ ಎರಡು ದೊಡ್ಡ ಅಧ್ಯಯನಗಳಲ್ಲಿ ಯಾವುದೂ ಸಾಬೀತು ಮಾಡಿರಲಿಲ್ಲ. ಅಡ್ಡಪರಿಣಾಮಗಳೂ ಹೆಚ್ಚು: ಲೀಪ್-012ರಲ್ಲಿ ತೀವ್ರ ತೊಂದರೆ ಅನುಭವಿಸಿದವರು ಟೇಸ್ ಗುಂಪಿನವರ ಎರಡು ಪಟ್ಟಿಗೂ ಹೆಚ್ಚಿದ್ದರು. ಆದ್ದರಿಂದ ಒಂದು ಮುಗಿದ ಮೇಲೆ ಇನ್ನೊಂದು ಕೊಟ್ಟರೂ ಕೊನೆಗೆ ಸಿಗುವುದು ಅಷ್ಟೇ ಅಲ್ಲವೇ ಎಂದು ಕೇಳುತ್ತಾರೆ. ಅಲ್ಲ, ಏಕೆಂದರೆ ಅಧ್ಯಯನಗಳಲ್ಲಿ ಟೇಸ್ ಮಾತ್ರ ಪಡೆದವರನ್ನೂ ಗೊತ್ತುಪಡಿಸಿದ ವಾರಗಳಿಗೊಮ್ಮೆ ಸ್ಕ್ಯಾನ್ ಮಾಡಿ ಕಾಯುತ್ತಾರೆ, ರೋಗ ಬೆಳೆದ ಕೂಡಲೇ ಯಕೃತ್ತು ಗಟ್ಟಿಯಿರುವಾಗಲೇ ಮುಂದಿನ ಔಷಧಿಗೆ ಹೊರಳಿಸುತ್ತಾರೆ. ಹೊರಗಿನ ರೋಗಿಗೆ ಆ ಕಾವಲು ಎಲ್ಲಿದೆ? ಮುಂದಿನ ಔಷಧಿ ಇದ್ದೇ ಇದೆ ಎನ್ನುವ ಮಾತು, ಅದನ್ನು ತಾಳಿಕೊಳ್ಳುವ ಯಕೃತ್ತು ಉಳಿದವರಿಗೆ ಮಾತ್ರ ಸಲ್ಲುತ್ತದೆ. ಎಲ್ಲರಿಗೂ ಎಲ್ಲವನ್ನೂ ಒಟ್ಟಿಗೆ ಕೊಟ್ಟುಬಿಡಿ ಎಂದು ನಾನು ಕೇಳುತ್ತಿಲ್ಲ. ಕೆಲವರಿಗೆ ಟೇಸ್ ಒಂದೇ ಸಾಕು, ಕೆಲವರಿಗೆ ಇಂಜೆಕ್ಷನ್ ಒಂದೇ ಸರಿ, ಕೆಲವರಿಗೆ ಎರಡೂ ಬೇಕು. ಯಾರಿಗೆ ಯಾವುದು ಎಂಬುದನ್ನು ಮೊದಲ ಕ್ಯಾತಿಟರ್ ಒಳಹೋಗುವ ಮುನ್ನವೇ ಎಲ್ಲರೂ ಸೇರಿ ನಿರ್ಧರಿಸಿ ಎನ್ನುತ್ತಿದ್ದೇನೆ.

ಒಟ್ಟಿಗೆ ಕುಳಿತರೆ ಗೊತ್ತಾಗುವ ಸಂಗತಿಗಳು ಬಹಳ ಇವೆ. ಬೆವಾಸಿಜುಮಾಬ್‌ನಿಂದ ರಕ್ತಸ್ರಾವದ ಅಪಾಯವಿರುವುದರಿಂದ ಮೊದಲು ಎಂಡೋಸ್ಕೋಪಿ ಮಾಡಿ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿವೆಯೇ ಎಂದು ನೋಡಬೇಕು, ಇದ್ದರೆ ಮೊದಲು ಅವುಗಳಿಗೆ ಚಿಕಿತ್ಸೆಯಾಗಬೇಕು. ಹೆಪಟೈಟಿಸ್ ಬಿ ಇದ್ದವರಿಗೆ ವೈರಸ್ ತಡೆಯುವ ಮಾತ್ರೆ ಶುರುವಾಗಿರಬೇಕು. ಯಕೃತ್ತಿನ ಕಸಿ ಆದವರಲ್ಲಿ ಇಮ್ಯುನೋಥೆರಪಿಯಿಂದ ಕಸಿಯೇ ತಿರಸ್ಕೃತವಾಗುವ ಅಪಾಯವಿದೆ. ಮುಂದೆ ಕಸಿ ಮಾಡುವ ಆಲೋಚನೆಯಿದ್ದರೆ ಕಸಿ ತಂಡಕ್ಕೆ ಮೊದಲೇ ತಿಳಿದಿರಬೇಕು. ತನ್ನದೇ ಅಂಗಗಳ ಮೇಲೆ ರೋಗನಿರೋಧಕ ಶಕ್ತಿ ತಿರುಗಿಬಿದ್ದಿರುವ ಕಾಯಿಲೆ ಇದ್ದವರ ಲೆಕ್ಕವೇ ಬೇರೆ. ಚಿಕಿತ್ಸೆ ಶುರುವಾದ ಮೇಲೆ ಬಿಲಿರುಬಿನ್ ಏರಿದರೆ ಅದು ಟೇಸ್‌ನಿಂದಲೋ, ಔಷಧಿ ಎಬ್ಬಿಸಿದ ಉರಿಯೂತದಿಂದಲೋ, ಗೆಡ್ಡೆಯೇ ಬೆಳೆದದ್ದರಿಂದಲೋ ಎಂದು ಬಿಡಿಸಿ ಹೇಳಲು ಒಬ್ಬ ತಜ್ಞರಿಂದ ಆಗುವುದಿಲ್ಲ. ಇವೆಲ್ಲ ಹೊಸ ಸಂಗತಿಗಳೇನೂ ಅಲ್ಲ, ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರುವಂಥವೇ.

ಸಭೆ ಸೇರುವವರೆಗೆ ಕಾದರೆ ರೋಗ ಬೆಳೆಯುವುದಿಲ್ಲವೇ ಎಂದು ಹಿರಿಯರೊಬ್ಬರು ಒಮ್ಮೆ ನನ್ನನ್ನು ಕೇಳಿದ್ದರು. ಬಹುಪಾಲು ಯಕೃತ್ತಿನ ಗೆಡ್ಡೆಗಳು ಇಮ್ಮಡಿಯಾಗಲು ತೆಗೆದುಕೊಳ್ಳುವ ಸಮಯ ತಿಂಗಳುಗಳ ಲೆಕ್ಕದ್ದು, ಎಲ್ಲ ವಿಭಾಗದ ತಜ್ಞರು ಒಟ್ಟಿಗೆ ಕಡತ ನೋಡುವ ಸಭೆಯಾದ ಟ್ಯೂಮರ್ ಬೋರ್ಡ್ ಸಾಮಾನ್ಯವಾಗಿ ವಾರಕ್ಕೊಮ್ಮೆ ಸೇರುತ್ತದೆ. ಹಾಗಾಗಿ ಆ ಹುಡುಗಿಯಂತೆ ಕಡತ ಹಿಡಿದು ಓಡಾಡುತ್ತಿರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಮೊದಲ ಟೇಸ್‌ಗೆ ದಿನ ಕೊಡುವಾಗಲೇ ಕೇಳಿ: ನಮ್ಮ ಕಡತ ಬೋರ್ಡ್‌ನ ಮುಂದೆ ಹೋಗಿದೆಯೇ, ಆಂಕಾಲಜಿಸ್ಟ್ ನೋಡಿದ್ದಾರೆಯೇ, ಇವತ್ತಿನ ಚೈಲ್ಡ್-ಪ್ಯೂ ದರ್ಜೆ ಯಾವುದು, ಈ ಬಾರಿ ಗೆಡ್ಡೆ ಬಗ್ಗದಿದ್ದರೆ ಮುಂದೇನು? ಉತ್ತರಗಳನ್ನು ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಇನ್ನೊಂದು ಕಡೆ ಅಭಿಪ್ರಾಯ ಕೇಳಿಕೊಂಡು ಬನ್ನಿ. ಅದಕ್ಕೂ ಆ ವಾರದಲ್ಲಿ ಸಮಯವಿರುತ್ತದೆ.