ಹೊಗಳಿ ಹೊನ್ನಶೂಲಕ್ಕೇರಿಸುವ ಹಾಕಿ ಲೀಗ್

ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಐಸ್ ಹಾಕಿ ಕೋಚ್ ಒಬ್ಬರು ಕೆಲಸ ಕಳೆದುಕೊಳ್ಳಲು ಪಂದ್ಯಗಳನ್ನು ಸೋಲಲೇಬೇಕೆಂಬ ನಿಯಮವೇನೂ ಇಲ್ಲ. ವರ್ಷದ ಶ್ರೇಷ್ಠ ಕೋಚ್‌ಗೆ ಕೊಡುವ ಜ್ಯಾಕ್ ಆಡಮ್ಸ್ ಪ್ರಶಸ್ತಿಯನ್ನು ಗೆದ್ದರೂ ಆದೀತು. 2018ರಲ್ಲಿ ಅದನ್ನು ಪಡೆದ ಜೆರಾರ್ಡ್ ಗಲಾಂಟ್ ಅವರನ್ನು ವೆಗಾಸ್ ತಂಡ 2020ರ ಜನವರಿಯಲ್ಲಿ ವಜಾ ಮಾಡಿತು. 2020ರ ವಿಜೇತ ಬ್ರೂಸ್ ಕ್ಯಾಸಿಡಿ ಅವರನ್ನು ಬಾಸ್ಟನ್ ತಂಡ 2022ರಲ್ಲಿ ಹೊರಗಟ್ಟಿತು. ಅವರು ಅದೇ ವೆಗಾಸ್‌ಗೆ ಹೋಗಿ ಮರುವರ್ಷವೇ ಲೀಗ್‌ನ ಚಾಂಪಿಯನ್ನರಿಗೆ ಸಲ್ಲುವ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟರು. 2022ರ ವಿಜೇತ, ಕ್ಯಾಲ್ಗರಿಯ ಡ್ಯಾರಿಲ್ ಸಟರ್ ಅವರಿಗಂತೂ ಒಂದು ವರ್ಷದ ಅವಧಿಯೂ ದಕ್ಕಲಿಲ್ಲ. ಹೊಗಳಿ ಹೊನ್ನಶೂಲಕ್ಕೇರಿಸುವುದೆಂಬ ನಮ್ಮ ಮಾತನ್ನು ಇವರಷ್ಟು ಶ್ರದ್ಧೆಯಿಂದ ಆಚರಣೆಗೆ ತಂದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪ್ರಶಸ್ತಿಗೆ ತಮ್ಮ ಹೆಸರು ಕೊಟ್ಟ ಆಡಮ್ಸ್ ಮಹನೀಯರಾದರೋ 1927ರಿಂದ 1947ರವರೆಗೆ ಇಪ್ಪತ್ತು ವರ್ಷ ಡೆಟ್ರಾಯಿಟ್ ತಂಡದ ಕೋಚ್ ಆಗಿ ಅಲುಗದೆ ಕುಳಿತವರು. ಮೂರು ಸ್ಟ್ಯಾನ್ಲಿ ಕಪ್ ಗೆದ್ದವರೆಂಬುದರಲ್ಲಿ ಅನುಮಾನವಿಲ್ಲ. ಆದರೆ 1942ರ ಏಳು ಪಂದ್ಯಗಳ ಫೈನಲ್‌ನಲ್ಲಿ ಟೊರೊಂಟೊ ವಿರುದ್ಧ ಮೊದಲ ಮೂರೂ ಪಂದ್ಯಗಳನ್ನು ಗೆದ್ದು, ನಾಲ್ಕನೆಯದನ್ನು ಸೋತ ಸಿಟ್ಟಿಗೆ ಅಂಕಣಕ್ಕಿಳಿದು ರೆಫರಿಯ ಮೈಮೇಲೆ ಬಿದ್ದು, ಅಮಾನತುಗೊಂಡು, ಉಳಿದ ಮೂರು ಪಂದ್ಯಗಳನ್ನೂ ತಮ್ಮ ತಂಡ ಕಳೆದುಕೊಳ್ಳುವುದನ್ನು ಹೊರಗಿನಿಂದ ನೋಡಬೇಕಾಗಿ ಬಂದವರೂ ಇವರೇ. ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಅಂಥ ಪತನ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಮುಂದೆ ತಂಡದ ವ್ಯವಸ್ಥಾಪಕರಾಗಿದ್ದಾಗ, ಆಟಗಾರರ ಸಂಘ ಕಟ್ಟಲು ಹೊರಟ ಟೆಡ್ ಲಿಂಡ್ಸೆ ಎಂಬ ಆಟಗಾರನನ್ನು, ಆತ ವೃತ್ತಿಜೀವನದಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ಋತು ಮುಗಿಯುತ್ತಿದ್ದಂತೆ, 1957ರಲ್ಲಿ ಶಿಕಾಗೊಗೆ ಸಾಗಹಾಕಿದರು. ಲೀಗ್‌ನ ಸಮದರ್ಶಿತ್ವವನ್ನು ಮೆಚ್ಚಲೇಬೇಕು: ಆಟಗಾರರೇ ಮತ ಹಾಕಿ ಶ್ರೇಷ್ಠ ಆಟಗಾರನಿಗೆ ಕೊಡುವ ಪ್ರಶಸ್ತಿಗೆ ಈಗ ಲಿಂಡ್ಸೆಯ ಹೆಸರು, ಶ್ರೇಷ್ಠ ಕೋಚ್‌ಗೆ ಕೊಡುವುದಕ್ಕೆ ಆತನನ್ನು ಓಡಿಸಿದವರ ಹೆಸರು.

ಇನ್ನು ಶ್ರೇಷ್ಠತೆಯನ್ನು ಅಳೆಯುವ ಬಗೆ. ಲೀಗ್‌ನ ಪಂದ್ಯಗಳನ್ನು ಪ್ರಸಾರ ಮಾಡುವವರ ಸಂಘ ಲೀಗ್ ಹಂತ ಮುಗಿದೊಡನೆ, ಅಂದರೆ ಕಪ್ಪಿನ ನಿಜವಾದ ಕಾಳಗ ಶುರುವಾಗುವ ಮೊದಲೇ, ಮತ ಹಾಕುತ್ತದೆ. ಹೀಗಾಗಿ ಕೋಚ್ ಆಗಿ ಒಂಬತ್ತು ಕಪ್ ಗೆದ್ದ ಸ್ಕಾಟಿ ಬೋಮನ್ ಅವರಿಗೆ ಸಂದದ್ದು ಎರಡೇ ಪ್ರಶಸ್ತಿ. ಅಲ್ ಆರ್ಬರ್ 1979ರಲ್ಲಿ ಶ್ರೇಷ್ಠರಾಗಿದ್ದರು. 1980ರಿಂದ ಸತತ ನಾಲ್ಕು ವರ್ಷ ಕಪ್ ಗೆದ್ದಾಗ ಆ ಶ್ರೇಷ್ಠತೆ ಎಲ್ಲಿಗೆ ಹೋಯಿತೋ ತಿಳಿಯದು. ಎಡ್ಮಂಟನ್‌ನ ಗ್ಲೆನ್ ಸೇಥರ್ ಅವರ ತಂಡ 1984, 1985, 1987, 1988ರಲ್ಲಿ ಕಪ್ ಗೆದ್ದಿತು. ಪ್ರಶಸ್ತಿ ಬಂದದ್ದು ನಡುವೆ ಸೋತ 1986ರಲ್ಲಿ, ತಮ್ಮದೇ ಆಟಗಾರ ಚೆಂಡಿನ ಬದಲು ಬಳಸುವ ಪಕ್ ಎಂಬ ಬಿಲ್ಲೆಯನ್ನು ತಮ್ಮದೇ ಗೋಲಿಗೆ ಬಡಿದು ತಂಡವನ್ನು ಮನೆಗೆ ಕಳುಹಿಸಿದ ವರ್ಷ. ನನಗನ್ನಿಸುವಂತೆ ಇಲ್ಲಿ ಬಹುಮಾನ ಸಿಗುವುದು ಕೋಚ್‌ನ ಚಾತುರ್ಯಕ್ಕಿಂತ ಪಂಡಿತರಿಗೆ ಆದ ಆಶ್ಚರ್ಯಕ್ಕೆ. ಏನೂ ಆಗದೆಂದು ಅವರು ಭವಿಷ್ಯ ನುಡಿದ ತಂಡ ಗೆದ್ದರೆ ಕೋಚ್ ಮಾಂತ್ರಿಕ. ಮರುವರ್ಷ ಅದೇ ತಂಡ ತನ್ನ ಯೋಗ್ಯತೆಯ ಮಟ್ಟಕ್ಕೆ ಮರಳಿದರೆ ಕೋಚ್ ಅಪರಾಧಿ.

ಈ ನ್ಯಾಯದ ಪೂರ್ಣಾವತಾರ ಜಿಮ್ ಮಾಂಟ್‌ಗಮರಿ. 2022–23ರಲ್ಲಿ ಅವರ ಬಾಸ್ಟನ್ ತಂಡ 65 ಗೆಲುವು, 135 ಅಂಕಗಳ ಸಾರ್ವಕಾಲಿಕ ದಾಖಲೆ ಬರೆದು, ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಫ್ಲಾರಿಡಾಗೆ ಶರಣಾಯಿತು; ಪ್ರಶಸ್ತಿ ಮಾತ್ರ ತಪ್ಪಲಿಲ್ಲ. 2024ರ ನವೆಂಬರ್ 19ರಂದು, ಹೊಸ ಋತುವಿನ 20 ಪಂದ್ಯಗಳಾಗುವಷ್ಟರಲ್ಲಿ, ಬಾಸ್ಟನ್ ಅವರನ್ನು ಬೀಳ್ಕೊಟ್ಟಿತು. 24ರಂದು ಸೇಂಟ್ ಲೂಯಿಸ್ ತಂಡ ಅವರನ್ನು ಐದು ವರ್ಷದ ಒಪ್ಪಂದದೊಂದಿಗೆ ಬರಮಾಡಿಕೊಂಡಿತು. ಐದು ದಿನಗಳ ಹಿಂದೆ ಒಂದು ಊರಿಗೆ ಬೇಡವಾದ ವ್ಯಕ್ತಿ ಇನ್ನೊಂದು ಊರಿಗೆ ಐದು ವರ್ಷಕ್ಕೆ ಬೇಕಾದ ಈ ಪವಾಡಕ್ಕಾಗಿ ಜಾಗ ತೆರವು ಮಾಡಬೇಕಾದವರು, ಅದೇ ವರ್ಷದ ಮೇ ತಿಂಗಳಲ್ಲಷ್ಟೇ ಕಾಯಂ ಕೋಚ್ ಎಂದು ಘೋಷಿತರಾಗಿದ್ದ ಡ್ರೂ ಬ್ಯಾನಿಸ್ಟರ್. ಪಾಪ, ಅವರನ್ನು ಯಾವ ಪ್ರಶಸ್ತಿಯನ್ನೂ ಕೊಡದೆಯೇ ತೆಗೆದುಹಾಕಿದರು.