ಉಪಯೋಗ ಇದೆಯಂತೆ, ಅದಕ್ಕೇ ಉಪಯೋಗಿಸುತ್ತಾರಂತೆ!

ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಓದಿಗೆಂದು ಎಐ ಚಾಟ್‌ಬಾಟ್ ಹಿಡಿದವರು ಅದನ್ನು ಯಾಕೆ ಬಿಡುತ್ತಿಲ್ಲ? ಈ ಗುಟ್ಟು ಬಿಡಿಸಲು ಜಗತ್ತಿನ ಮೂಲೆಮೂಲೆಯ ಸಂಶೋಧಕರು ಟೊಂಕ ಕಟ್ಟಿ ನಿಂತಿದ್ದಾರೆ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ. ಅಲ್ಲಿಂದೀಚೆಗೆ ಈ ಒಂದೇ ಪ್ರಶ್ನೆಯ ಮೇಲೆ ಬಂದ ಲೇಖನಗಳನ್ನೆಲ್ಲ ಓದಿ ಮುಗಿಸಬೇಕೆಂದರೆ ಚಾಟ್‌ಬಾಟನ್ನೇ ಕರೆದು ಸಾರಾಂಶ ತೆಗೆಸಬೇಕು. ಅಷ್ಟಿವೆ.

ಕುತೂಹಲ ಬೇಡ, ಉತ್ತರ ಈಗಲೇ ಹೇಳಿಬಿಡುತ್ತೇನೆ. ಉಪಯೋಗ ಇದೆ ಅನ್ನಿಸುವುದರಿಂದ ಉಪಯೋಗಿಸುತ್ತಾರೆ. ಸುಲಭ ಆಗಿರುವುದರಿಂದ ಜಾಸ್ತಿ ಉಪಯೋಗಿಸುತ್ತಾರೆ. ತೃಪ್ತಿಯಾದರೆ ಮುಂದುವರಿಸುತ್ತಾರೆ. ಅಭ್ಯಾಸ ಆಗಿಬಿಟ್ಟಿದ್ದರೆ, ಅಭ್ಯಾಸ ಆಗಿಬಿಟ್ಟಿರುವುದರಿಂದ ಮುಂದುವರಿಸುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಹಿರಿಯರು ಕೇಳಿದ್ದರು. ಬೇಕು ಸ್ವಾಮಿ. ಕನ್ನಡಿಯ ಜೊತೆಗೆ ಒಂದು ಪ್ರಶ್ನಾವಳಿ, ಒಂದು ಸಾಫ್ಟ್‌ವೇರ್ ಮತ್ತು ಮೂವರು ಸಹಲೇಖಕರೂ ಬೇಕು.

ಇಂಥ ಲೇಖನ ಕಟ್ಟುವುದು ಕಷ್ಟವೇನಲ್ಲ. ಮೊದಲು ಒಂದು ಸಿದ್ಧಾಂತ ಸಿಗಬೇಕು. ಅದು ರೆಡಿಯಾಗಿಯೇ ಇದೆ. 1989ರಲ್ಲಿ ಫ್ರೆಡ್ ಡೇವಿಸ್ ಎಂಬವರು ಕಚೇರಿಯ ಜನ ಇಮೇಲಿನಂಥ ಹೊಸ ಸಲಕರಣೆಯನ್ನು ಯಾಕೆ ಒಪ್ಪುತ್ತಾರೆ, ಯಾಕೆ ಒಪ್ಪುವುದಿಲ್ಲ ಎಂದು ಕೇಳಿದರು. ಉಪಯೋಗ ಮತ್ತು ಸುಲಭತೆ, ಈ ಎರಡೇ ಮುಖ್ಯ ಅಂದರು. ಆ ಕಾಲಕ್ಕೆ ಅದು ಒಳ್ಳೆಯ ಕೆಲಸವೇ. ಲೇಖನದ ಚಿತ್ರದಲ್ಲಿ ಇಂಥ ಒಂದೊಂದು ಕಾರಣಕ್ಕೂ ಒಂದೊಂದು ಡಬ್ಬಿ ಬರೆಯುತ್ತಾರೆ. ತಮ್ಮ ಎರಡು ಡಬ್ಬಿಗಳನ್ನು ಮುಂದಿನ ಪೀಳಿಗೆ ಹೀಗೆ ಹೊತ್ತು ತಿರುಗುತ್ತದೆ ಎಂದು ಪಾಪ ಅವರಿಗೇನು ಗೊತ್ತು. 2001ರಲ್ಲಿ ಭಟ್ಟಾಚಾರ್ಜಿ ಎಂಬ ವಿದ್ವಾಂಸರು ಆನ್‌ಲೈನ್ ಬ್ಯಾಂಕಿಂಗ್ ಗ್ರಾಹಕರು ಅದನ್ನು ಮುಂದುವರಿಸುತ್ತಾರಾ ಎಂದು ನೋಡಿ, ತೃಪ್ತಿ ಎಂಬ ಡಬ್ಬಿ ಕೊಟ್ಟರು. 2003ರಲ್ಲಿ ವೆಂಕಟೇಶ್ ಮತ್ತು ಸಂಗಡಿಗರು ಆಗ ಚಾಲ್ತಿಯಲ್ಲಿದ್ದ ಇಂಥ ಎಂಟು ಸಿದ್ಧಾಂತಗಳನ್ನು ಸೇರಿಸಿ ಒಂದು ಮಾಡಿದರು. 2012ರಲ್ಲಿ ಅದಕ್ಕೆ ಖುಷಿ, ಬೆಲೆ, ಅಭ್ಯಾಸ ಸೇರಿಕೊಂಡವು. ಬ್ಯಾಂಕಿನ ಗ್ರಾಹಕ ವಾಪಸ್ ಬರುತ್ತಾನೋ ಇಲ್ಲವೋ ಎಂದು ನೋಡಲು ಮಾಡಿದ ಅಳತೆಗೋಲಿನಿಂದ ಈಗ ತತ್ವಶಾಸ್ತ್ರದ ವಿದ್ಯಾರ್ಥಿನಿಯನ್ನು ಅಳೆಯುತ್ತಿದ್ದೇವೆ. ಅವಳೂ ಒಂದು ರೀತಿಯಲ್ಲಿ ಗ್ರಾಹಕಳೇ ಅಲ್ವಾ, ಅಂತ ಯಾರೋ ಹೇಳುವುದು ಕೇಳಿಸುತ್ತಿದೆ.

ಡಬ್ಬಿಗಳು ಸಿಕ್ಕ ಮೇಲೆ ಯಾವುದರಿಂದ ಯಾವುದಾಗುತ್ತದೆ ಎಂದು ತೋರಿಸಲು ಅವುಗಳ ನಡುವೆ ಬಾಣ ಎಳೆಯಬೇಕು. ಬಾಣ ಜಾಸ್ತಿ ಇದ್ದಷ್ಟೂ ಲೇಖನಕ್ಕೆ ತೂಕ. ಹಳೆಯ ಲೇಖನದಲ್ಲಿ ಏಳು ಡಬ್ಬಿ ಇದ್ದರೆ ನಿಮ್ಮದರಲ್ಲಿ ಎಂಟಿರಲಿ. ಆ ಎಂಟನೆಯದೇ ಜ್ಞಾನಲೋಕಕ್ಕೆ ನಿಮ್ಮ ಕೊಡುಗೆ. ‘ನಂಬಿಕೆ’ ಎಂಬ ಡಬ್ಬಿಗೆ ಈಚೆಗೆ ಒಳ್ಳೆಯ ಬೇಡಿಕೆ ಇದೆ.

ಆಮೇಲೆ ಫಾರ್ಮ್. ಅದನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಮಾರ್ಕ್ಸ್ ಕೊಡುವವರೇ ಕಳಿಸಿದ ಫಾರ್ಮನ್ನು ಯಾವ ವಿದ್ಯಾರ್ಥಿ ತುಂಬದೆ ಇರುತ್ತಾನೆ? ಭಾಗವಹಿಸುವಿಕೆ ಪೂರ್ತಿ ಸ್ವಯಂಪ್ರೇರಿತ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಒಳಗೆ ಪ್ರಶ್ನೆಗಳು ಹೀಗಿರುತ್ತವೆ. ಚಾಟ್‌ಬಾಟ್ ನನ್ನ ಕಲಿಕೆಗೆ ಉಪಯುಕ್ತ. ನನ್ನ ಕಲಿಕೆಗೆ ಚಾಟ್‌ಬಾಟ್ ಉಪಯೋಗಕ್ಕೆ ಬರುತ್ತದೆ. ಕಲಿಯುವಾಗ ಚಾಟ್‌ಬಾಟ್‌ನಿಂದ ನನಗೆ ಪ್ರಯೋಜನವಿದೆ. ಒಟ್ಟಾರೆಯಾಗಿ, ಚಾಟ್‌ಬಾಟ್ ನನ್ನ ಕಲಿಕೆಗೆ ಉಪಯುಕ್ತ. ಪ್ರತಿಯೊಂದರ ಮುಂದೆಯೂ ಒತ್ತಲು ಸೊನ್ನೆಯಾಕಾರದ ಐದು ಗುಂಡಿ, ಅಂದರೆ ಐದು ಸೊನ್ನೆ, ‘ಖಂಡಿತ ಒಪ್ಪುವುದಿಲ್ಲ’ದಿಂದ ‘ಖಂಡಿತ ಒಪ್ಪುತ್ತೇನೆ’ವರೆಗೆ. ಇದು 1932ರಲ್ಲಿ ಮನಶ್ಶಾಸ್ತ್ರಜ್ಞ ಲಿಕರ್ಟ್ ಕೊಟ್ಟ ವರ. ಒಂದೇ ಮಾತನ್ನು ನಾಲ್ಕು ಸಲ ಕೇಳಿದಾಗ ನಾಲ್ಕು ಸಲವೂ ಒಂದೇ ಉತ್ತರ ಬಂದರೆ, 1951ರ ಕ್ರಾನ್‌ಬಾಕ್ ಸೂತ್ರ ಅದನ್ನು ವಿಶ್ವಾಸಾರ್ಹ ಎನ್ನುತ್ತದೆ. ಆ ಸೂತ್ರದ ಅಂಕಿ ಒಂದಕ್ಕೆ 0.7 ದಾಟಿದರೆ ಸಂಶೋಧಕರ ಮನೆಯಲ್ಲಿ ಹಬ್ಬ. ಬಸ್ಸಿನಲ್ಲಿ ನಿಂತುಕೊಂಡು, ಪ್ರಶ್ನೆ ಓದದೆ, ಮೇಲಿಂದ ಕೆಳಗೆ ನಾಲ್ಕನೇ ಸೊನ್ನೆಯನ್ನೇ ಒತ್ತುತ್ತಾ ಹೋದ ಹುಡುಗ ಈ ಶಾಸ್ತ್ರದ ಪ್ರಕಾರ ಅತ್ಯಂತ ಸ್ಥಿರ ಮನಸ್ಸಿನ ಮಾಹಿತಿದಾರ.

ಕೊನೆಯ ಡಬ್ಬಿಯ ಹೆಸರು ‘ಮುಂದುವರಿಸುವ ಉದ್ದೇಶ’. ಗಮನಿಸಿ, ಮುಂದುವರಿಸಿದರೋ ಇಲ್ಲವೋ ಅಲ್ಲ. ಉದ್ದೇಶ. ಆರು ತಿಂಗಳು ಬಿಟ್ಟು ಹೋಗಿ ನೋಡುವವರು ತೀರಾ ಅಪರೂಪ. ಅಷ್ಟರಲ್ಲಿ ಲೇಖನ ಅಚ್ಚಾಗಿರುತ್ತದೆ, ಬಡ್ತಿಯ ಅರ್ಜಿಗೆ ಅದರ ಪ್ರತಿ ಲಗತ್ತಾಗಿರುತ್ತದೆ.

ಇಷ್ಟೆಲ್ಲ ಡಬ್ಬಿಗಳ ನಡುವೆ ಎಲ್ಲಿಯೂ ಕಾಣದ ಕೆಲವು ಡಬ್ಬಿಗಳಿವೆ. ರಾತ್ರಿ 11:59ರ ಗಡುವು ಯಾವ ಚಿತ್ರದಲ್ಲೂ ಇಲ್ಲ. ಒಂದೇ ವಾರದಲ್ಲಿ ನಾಲ್ಕು ವಿಷಯದವರೂ ಅಸೈನ್‌ಮೆಂಟ್ ಕೊಟ್ಟು, ನಾಲ್ವರೂ ‘ಸ್ವಂತ ಚಿಂತನೆ ಇರಲಿ’ ಎಂದು ಬರೆದದ್ದು ಇಲ್ಲ. ಅರ್ಥವಾಗಲಿಲ್ಲ ಎಂದು ಕೈ ಎತ್ತಿದರೆ ‘ಇದನ್ನು ಹೋದ ವಾರವೇ ಹೇಳಿದ್ದೆ’ ಎನ್ನುವ ಮೇಷ್ಟ್ರು ಇಲ್ಲ. ಚಾಟ್‌ಬಾಟ್‌ಗೆ ಹೋದ ವಾರವೆಂಬುದೇ ಇಲ್ಲ ನೋಡಿ. ಒಂದೇ ಪ್ರಶ್ನೆಯನ್ನು ಹತ್ತು ಸಲ, ಹತ್ತು ತಪ್ಪು ಕಾಗುಣಿತದಲ್ಲಿ, ರಾತ್ರಿ ಎರಡು ಗಂಟೆಗೆ ಕೇಳಿದರೂ ಅದು ಮುಖ ಸಿಂಡರಿಸುವುದಿಲ್ಲ. ಪಕ್ಕದವರು ನಗುವುದಿಲ್ಲ. ಮೇಲಾಗಿ ‘ಎಂಥಾ ಒಳ್ಳೆಯ ಪ್ರಶ್ನೆ!’ ಎಂದು ಶುರು ಮಾಡುತ್ತದೆ. ಮೂರು ವರ್ಷ ತರಗತಿಯಲ್ಲಿ ಕೂತರೂ ಆ ಮಾತು ಕೇಳಿರದ ಹುಡುಗಿಗೆ ಇದೆಂಥ ಸುಖ ಎಂದು ಯಾವ ಐದು ಸೊನ್ನೆ ಹೇಳೀತು? ಈ ಹೊಗಳಿಕೆ ಎಷ್ಟು ಅತಿಯಾಯಿತೆಂದರೆ, 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ತನ್ನ ಮಾದರಿಯ ಒಂದು ಹೊಸ ಆವೃತ್ತಿಯನ್ನು, ಬಹಳ ಬೆಣ್ಣೆ ಹಚ್ಚುತ್ತಿದೆ ಎಂಬ ಕಾರಣಕ್ಕೇ ವಾಪಸ್ ತೆಗೆದುಕೊಂಡಿತು. ಬೆಣ್ಣೆ ಹಚ್ಚುವುದರಿಂದ ಕೆಲಸ ಕಳೆದುಕೊಂಡ ಏಕೈಕ ಜೀವಿ, ಅದೂ ಜೀವಿಯಲ್ಲ.

ಇನ್ನೂ ಒಂದು ಕಾರಣ ಇದೆ. ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ವಿದ್ಯಾರ್ಥಿಗೆ ಗೊತ್ತು.

ಇಷ್ಟಾದರೂ ‘ಕಲಿತರಾ?’ ಎಂಬ ಡಬ್ಬಿ ಮಾತ್ರ ಇಲ್ಲ. ಅಧ್ಯಯನದ ಶೀರ್ಷಿಕೆಯಲ್ಲಿ ಕಲಿಕೆ ಇದೆ, ಪ್ರತಿ ಪ್ರಶ್ನೆಯಲ್ಲೂ ಕಲಿಕೆ ಇದೆ, ಕಲಿತದ್ದನ್ನು ಮಾತ್ರ ಬಹುಪಾಲು ಜನ ಅಳೆಯುವುದಿಲ್ಲ. ಕಲಿತೆ ಅಂತ ಅನ್ನಿಸಿತಾ ಎಂದು ಕೇಳಿ ಬಿಟ್ಟುಬಿಡುತ್ತಾರೆ. ಅನ್ನಿಸುವುದಕ್ಕೂ ಆಗುವುದಕ್ಕೂ ಎಷ್ಟು ದೂರ ಎಂದು ಟರ್ಕಿಯಲ್ಲಿ ಯಾರೋ ಕೆಲಸವಿಲ್ಲದವರು ನೋಡಿಯೇಬಿಟ್ಟರು. ಸುಮಾರು ಸಾವಿರ ಹೈಸ್ಕೂಲ್ ಮಕ್ಕಳು, ಗಣಿತ, ಓಪನ್‌ಎಐನ ಜಿಪಿಟಿ-4 ಮಾದರಿ. ಸಾದಾ ಚಾಟ್‌ಬಾಟ್ ಕೈಯಲ್ಲಿದ್ದಾಗ ಅಭ್ಯಾಸದ ಲೆಕ್ಕಗಳಲ್ಲಿ ಶೇ 48ರಷ್ಟು ಸುಧಾರಣೆ. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಮೊದಲಿನಿಂದಲೂ ಚಾಟ್‌ಬಾಟ್ ಸಿಗದವರಿಗಿಂತ ಶೇ 17ರಷ್ಟು ಕಡಿಮೆ. ತಾವು ಹಿಂದೆ ಬಿದ್ದದ್ದು ಆ ಮಕ್ಕಳಿಗೆ ಅನ್ನಿಸಲೂ ಇಲ್ಲ. ಅವರ ಕೈಗೆ ನಮ್ಮ ಫಾರ್ಮ್ ಕೊಟ್ಟಿದ್ದರೆ ಖಂಡಿತ ಒಪ್ಪುತ್ತೇನೆ ಎಂದೇ ಒತ್ತಿರುತ್ತಿದ್ದರು. ಉತ್ತರ ನೇರವಾಗಿ ಕೊಡದೆ ಸುಳಿವು ಮಾತ್ರ ಕೊಡುವಂತೆ ಮಾಡಿದ ಇನ್ನೊಂದು ಚಾಟ್‌ಬಾಟ್ ಇತ್ತು. ಅದನ್ನು ಬಳಸಿದವರಿಗೆ ಅಂಥ ಪೆಟ್ಟು ಬೀಳಲಿಲ್ಲ. ಇದು ನಿಜಕ್ಕೂ ಕೆಲಸಕ್ಕೆ ಬರುವ ಮಾಹಿತಿ. ಆದರೆ ಇದನ್ನು ತಿಳಿಯಲು ಪರೀಕ್ಷೆ ನಡೆಸಬೇಕು, ಉತ್ತರಪತ್ರಿಕೆ ತಿದ್ದಬೇಕು. ಫಾರ್ಮ್ ಆದರೆ ತಾನೇ ಎಣಿಸಿಕೊಳ್ಳುತ್ತದೆ.

ವಿಭಾಗದ ಒಂದು ಕೋಣೆಯಲ್ಲಿ ಚಾಟ್‌ಬಾಟ್ ಬಳಕೆಯ ಪ್ರೇರಣೆಗಳ ಮೇಲೆ ಸಂಶೋಧನೆ ನಡೆಯುವಾಗ ಪಕ್ಕದ ಕೋಣೆಯಲ್ಲಿ ಅದೇ ಬಳಕೆಯನ್ನು ಹಿಡಿಯುವ ಪೊಲೀಸ್ ಕೆಲಸ ನಡೆದಿರುತ್ತದೆ. ಅಲ್ಲಿನ ಸಾಧನೆ ಇನ್ನೂ ಸೊಗಸು. ಓಪನ್‌ಎಐ ತಾನೇ 2023ರ ಜನವರಿಯಲ್ಲಿ ಒಂದು ಪತ್ತೆಯಂತ್ರ ಬಿಟ್ಟಿತು. ಎಐ ಬರೆದದ್ದರಲ್ಲಿ ಅದು ಸರಿಯಾಗಿ ಗುರುತಿಸಿದ್ದು ಶೇ 26. ಮನುಷ್ಯರು ಬರೆದದ್ದರಲ್ಲಿ ಶೇ 9ರಷ್ಟನ್ನು ಎಐನದ್ದು ಅಂದಿತು. ಜುಲೈನಲ್ಲಿ ಅಂಗಡಿ ಮುಚ್ಚಿತು. ಮಗುವನ್ನು ಹೆತ್ತ ತಾಯಿಗೇ ಗುರುತು ಸಿಗದಿದ್ದರೂ ಉಳಿದವರು ಪತ್ತೆಯಂತ್ರ ಮಾರುವುದು ನಿಲ್ಲಿಸಲಿಲ್ಲ. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಅಂಥ ಏಳು ಯಂತ್ರಗಳಿಗೆ, ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಸ್ವಂತ ಕೈಯಲ್ಲಿ ಬರೆದ ಪ್ರಬಂಧಗಳನ್ನು ತಿನ್ನಿಸಿದರು. ಸರಾಸರಿ ಶೇ 61ರಷ್ಟು ಪ್ರಬಂಧಗಳು ಎಐ ಬರೆದವು ಎಂದು ತೀರ್ಪು ಬಂತು. ಸರಳವಾಗಿ, ಗೊತ್ತಿರುವ ಪದಗಳಲ್ಲೇ ಬರೆಯುವುದು ಅಪರಾಧ! ಈ ಅಪವಾದದಿಂದ ಪಾರಾಗಲು ವಿದ್ಯಾರ್ಥಿಗಿರುವ ಸುಲಭ ದಾರಿ, ತಾನೇ ಬರೆದದ್ದನ್ನು ಚಾಟ್‌ಬಾಟ್‌ಗೆ ಕೊಟ್ಟು ‘ಮನುಷ್ಯರ ಹಾಗೆ ಮಾಡಿಕೊಡು’ ಎನ್ನುವುದು. ಬಳಕೆ ಮುಂದುವರಿಯಲು ಪ್ರೇರಣೆ ಬೇಕಲ್ಲ, ಇಗೋ ತಗೊಳ್ಳಿ. ಯಾವ ಸಿದ್ಧಾಂತಕ್ಕೂ ಇದು ಹೊಳೆದಿರಲಿಲ್ಲ.

ಟೆಕ್ಸಾಸ್‌ನ ಅಧ್ಯಾಪಕರೊಬ್ಬರು 2023ರಲ್ಲಿ ಪತ್ತೆಯಂತ್ರದ ರಗಳೆಯೇ ಬೇಡ ಎಂದು ವಿದ್ಯಾರ್ಥಿಗಳ ಬರಹಗಳನ್ನು ಚಾಟ್‌ಜಿಪಿಟಿಗೇ ಕೊಟ್ಟು ‘ಇದು ನೀನು ಬರೆದದ್ದಾ?’ ಎಂದು ಕೇಳಿದರು. ಅದು ಹೂಂ ಅಂದಿತು. ಅದಕ್ಕೆ ಹೂಂ ಅನ್ನುವುದೇ ಅಭ್ಯಾಸ. ವಿದ್ಯಾರ್ಥಿಗಳ ಅಂಕಗಳು ತಡೆಯಾದವು.

ಹಾಗಾದರೆ ಸಂಶೋಧಕರು, ಪಂಡಿತರು? 2024ರಲ್ಲಿ ಒಂದು ಹೆಸರಾಂತ ಪ್ರಕಾಶನದ ವಿಜ್ಞಾನ ಪತ್ರಿಕೆಯಲ್ಲಿ ಬಂದ ಲೇಖನದ ಪೀಠಿಕೆ ಶುರುವಾದದ್ದೇ ‘ಖಂಡಿತ, ನಿಮ್ಮ ವಿಷಯಕ್ಕೆ ಒಂದು ಪೀಠಿಕೆ ಇಲ್ಲಿದೆ’ ಎಂಬರ್ಥದ ವಾಕ್ಯದಿಂದ. ಲೇಖಕರು, ಪರಿಶೀಲಕರು, ಸಂಪಾದಕರು, ಎಲ್ಲರ ಕಣ್ಣ ಕೆಳಗೂ ನುಸುಳಿ ಅದು ಅಚ್ಚಾಯಿತು. 2025ರಲ್ಲಿ ಕೆಲವು ಲೇಖನಗಳಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಒಳ್ಳೆಯ ಅಭಿಪ್ರಾಯವನ್ನೇ ಬರೆ’ ಎಂಬ ಅಪ್ಪಣೆ ಸಿಕ್ಕಿತು. ಪರಿಶೀಲಕರು ಲೇಖನವನ್ನು ತಾವು ಓದದೆ ಚಾಟ್‌ಬಾಟ್‌ಗೆ ಓದಿಸುತ್ತಾರೆ ಎಂಬ ಗಟ್ಟಿ ವಿಶ್ವಾಸ ಇದ್ದರೆ ಮಾತ್ರ ಮಾಡುವ ಕೆಲಸ ಇದು. ‘ನಂಬಿಕೆ’ ಎಂಬ ಎಂಟನೆಯ ಡಬ್ಬಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೆ?

ನನ್ನದೂ ಒಂದು ಸಮೀಕ್ಷೆಯ ಪ್ರಸ್ತಾವ ಇದೆ. ಡಬ್ಬಿ ಇಲ್ಲ, ಬಾಣ ಇಲ್ಲ, ಒಂದೇ ಪ್ರಶ್ನೆ. ಅಸೈನ್‌ಮೆಂಟ್ ಸಲ್ಲಿಸಿ ಒಂದು ವಾರ ಆದ ಮೇಲೆ ವಿದ್ಯಾರ್ಥಿಯನ್ನು ಕೂರಿಸಿ, ಫೋನ್ ತೆಗೆದಿಟ್ಟು, ಏನು ಬರೆದಿದ್ದೆ ಹೇಳು ಎಂದು ಕೇಳುವುದು. ಐದು ನಿಮಿಷದ ಮಾತು. ಅನುಮತಿ ಸಿಗುವುದು ಕಷ್ಟ. ತರಗತಿಯಲ್ಲಿ ಜನ ಜಾಸ್ತಿ, ಮೇಷ್ಟ್ರಿಗೆ ಸಮಯ ಇಲ್ಲ ಎನ್ನುತ್ತಾರೆ. ನಿಜವಾದ ತೊಂದರೆ ಬೇರೆ. ಅದೇ ಪ್ರಶ್ನೆಯನ್ನು ಲೇಖನದ ಮೂವರು ಸಹಲೇಖಕರಿಗೂ ಕೇಳಿ ಎಂದು ಯಾವನೋ ಹುಡುಗ ಹಿಂದಿನ ಬೆಂಚಿನಿಂದ ಹೇಳಿದರೆ?