ಉಗಮಸ್ಥಾನ ಇದೆ, ನೀರು ಮುಂದೆ ಸಿಗುತ್ತದೆ

ಋಷಿಮೂಲ, ನದಿಮೂಲ ಕೆದಕಬಾರದು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಇಂಗ್ಲೆಂಡಿನವರಿಗೆ ಹೀಗೆ ಹೇಳುವ ಹಿರಿಯರಿರಲಿಲ್ಲವೋ ಏನೋ, ಕೆದಕಿದರು. ಅದೂ ಸಾಲದೆ ಕಲ್ಲು ನೆಟ್ಟರು.

ಗ್ಲಾಸ್ಟರ್‌ಶೈರ್‌ನ ಕೆಂಬಲ್ ಹಳ್ಳಿಯಾಚೆ, ಹುಲ್ಲುಗಾವಲಿನಲ್ಲಿ, ಮರವೊಂದರ ಬುಡದಲ್ಲಿ ಆ ಕಲ್ಲಿದೆ. ಥೇಮ್ಸ್ ನದಿಯ ಉಗಮವನ್ನು ಗುರುತಿಸಲು ಇದನ್ನು ಇಲ್ಲಿಡಲಾಗಿದೆ ಎಂದು ಅಚ್ಚುಕಟ್ಟಾಗಿ ಕೆತ್ತಿದ್ದಾರೆ. ಎದುರಿಗೆ ಒಂದಿಷ್ಟು ಕಲ್ಲುಚೂರು. ಚಳಿಗಾಲದಲ್ಲಿ ಮಳೆ ಜೋರಾಗಿ ಹಿಡಿದರೆ ಒರತೆ ಏಳುವುದುಂಟು. ಉಳಿದಂತೆ, ದೂರದಿಂದ ಬಂದವರು ಫಲಕ ಓದುತ್ತಾರೆ, ಒಣನೆಲ ನೋಡುತ್ತಾರೆ, ಎಲ್ಲೋ ತಪ್ಪಿ ಓದಿದೆವೇನೋ ಅಂತ ಮತ್ತೊಮ್ಮೆ ಫಲಕ ಓದುತ್ತಾರೆ. ಆಮೇಲೆ ಫೋಟೊ. ನದಿಯ ದಂಡೆಗುಂಟ ಲಂಡನ್ನಿಗೆ ಹೋಗುವ ಸುಮಾರು 300 ಕಿ.ಮೀ. ಕಾಲುದಾರಿ ಶುರುವಾಗುವುದೂ ಇಲ್ಲಿಂದಲೇ. ದಂಡೆ ಇದೆ, ನದಿಯನ್ನು ಮುಂದೆ ಎಲ್ಲಾದರೂ ಸೇರಿಕೊಳ್ಳಬೇಕು.

ಕಲ್ಲು, ನದಿಯ ಉಸ್ತುವಾರಿ ನೋಡುತ್ತಿದ್ದ ಥೇಮ್ಸ್ ಕನ್ಸರ್ವೇಟರ್‌ಗಳೆಂಬ ಮಂಡಳಿಯದು. ಹೆಸರಿನ ಜೊತೆಗೇ 1857–1974 ಅಂತಿದೆ. ಮಂಡಳಿ ಹುಟ್ಟಿದ ಇಸವಿ, ಮುಚ್ಚಿದ ಇಸವಿ. ನದಿ ಹುಟ್ಟಿದ ಜಾಗದಲ್ಲಿ ಇಲಾಖೆಯ ಜನನ-ಮರಣ ದಾಖಲೆ! ಬಸ್ ನಿಲ್ದಾಣಕ್ಕಿಂತ ಅದರ ಉದ್ಘಾಟನಾ ಫಲಕವೇ ದೊಡ್ಡದಿರುವ ನಾಡಿನವರಾದ ನಮಗೆ ಇದರಲ್ಲಿ ಅಚ್ಚರಿಯೇನಿಲ್ಲ, ತುಸು ಬಂಧುತ್ವ ಉಕ್ಕುತ್ತದೆ, ಅಷ್ಟೆ.

ನೀರು ಎಲ್ಲಿ ಹೋಯಿತು? ಪಕ್ಕದಲ್ಲೇ ಥೇಮ್ಸ್ ಮತ್ತು ಸೆವರ್ನ್ ನದಿಗಳನ್ನು ಜೋಡಿಸುವ ಕಾಲುವೆಯೊಂದು 1789ರಲ್ಲಿ ಶುರುವಾಯಿತು. ಕೆಳಗೆ ಸುಣ್ಣಕಲ್ಲು, ಕಾಲುವೆ ಸೋರತೊಡಗಿತು. ಅದನ್ನು ತುಂಬಿಸಲು ಉಗಮದ ಬುಡದಲ್ಲೇ ಬಾವಿ ತೋಡಿ, ಉಗಿಯಂತ್ರ ಕೂರಿಸಿ ನೀರೆತ್ತಿದರು. ನದಿಗೆ ಸೇರಬೇಕಾದ ಕಾಲುವೆಗೆ ನದಿಯನ್ನೇ ಅದರ ತವರಿನಲ್ಲಿ ಹೀರಿ ಹಾಕಿದ ಆ ಎಂಜಿನಿಯರಿಂಗ್‌ಗೆ ಕೈ ಮುಗಿಯಬೇಕು. ಈಗ ಕಾಲುವೆಯೂ ಇಲ್ಲ, ಎಂದೋ ಕೈಬಿಟ್ಟರು.

ನೀರಿಲ್ಲದಿದ್ದರೇನು, ದೇವರಾದರೂ ಇರಲಿ ಅಂತ 1958ರಲ್ಲಿ 'ಫಾದರ್ ಥೇಮ್ಸ್' ಮೂರ್ತಿಯನ್ನು ತಂದು ಕೂರಿಸಿದರು. ಉದ್ದ ಗಡ್ಡ, ಹೆಗಲ ಮೇಲೆ ಸಲಿಕೆ, ಆರಾಮಾಗಿ ಒರಗಿಕೊಂಡ ಭಂಗಿ. ಸಲಿಕೆ ಹೊತ್ತ ದೇವರಿಗೆ ಅಲ್ಲಿ ಹೂಳೆತ್ತಲು ಹೊಳೆ ಇರಲಿಲ್ಲ. ಕಿಡಿಗೇಡಿಗಳ ಕಾಟ ಬೇರೆ. 1974ರಲ್ಲಿ ಅವನನ್ನು ಎತ್ತಿ ಕೆಳಗೆ ಲೆಚ್ಲೇಡ್‌ನಲ್ಲಿ, ದೋಣಿಗಳನ್ನು ಏರಿಸಿ ಇಳಿಸುವ ನೀರಕಟ್ಟೆ 'ಲಾಕ್' ಬಳಿ ಇಟ್ಟರು. ಅಲ್ಲಿ ನೀರಿದೆ, ದೋಣಿ ಇದೆ, ನೋಡಲು ಜನ ಇದ್ದಾರೆ. ದೇವರೇ ವರ್ಗ ಮಾಡಿಸಿಕೊಂಡು ಹೋದ ಊರಿನಲ್ಲಿ ಕಲ್ಲು ಮಾತ್ರ ಕರ್ತವ್ಯದಲ್ಲಿದೆ.

ಇತ್ತ ಚೆಲ್ಟನ್‌ಹ್ಯಾಮ್ ಹತ್ತಿರದ ಸೆವೆನ್ ಸ್ಪ್ರಿಂಗ್ಸ್‌ನವರು, ನಿಜವಾದ ಮೂಲ ನಮ್ಮದು ಅಂತ ಲ್ಯಾಟಿನ್ ಭಾಷೆಯಲ್ಲೇ ಫಲಕ ಹಾಕಿಕೊಂಡಿದ್ದಾರೆ. ಅಲ್ಲಿ ಹುಟ್ಟುವ ಚರ್ನ್ ಹೊಳೆ ಥೇಮ್ಸ್ ಸೇರುತ್ತದೆ. ಸಮುದ್ರದಿಂದ ಅದು ಇನ್ನೂ ದೂರ, ಎತ್ತರವೂ ಹೆಚ್ಚು. 1937ರಲ್ಲಿ ಈ ಜಗಳ ಪಾರ್ಲಿಮೆಂಟಿಗೇ ಹೋಯಿತು. ನಕಾಶೆ ತಿದ್ದಿ ಎಂದರು ಒಬ್ಬ ಸದಸ್ಯರು. ಅತಿ ದೂರದ ಉಪನದಿಯ ಮೂಲವನ್ನೇ ನದಿಯ ಮೂಲವೆನ್ನಬೇಕೆಂಬ ನಿಯಮವೇನೂ ಇಲ್ಲ ಎಂದರು ಕೃಷಿ ಸಚಿವರು. ನೀರಿರಬೇಕೆಂಬ ನಿಯಮ ಇದೆಯೇ ಅಂತ ಯಾರಾದರೂ ಕೇಳಬೇಕಿತ್ತು.

2022ರ ಬೇಸಿಗೆಯಲ್ಲಂತೂ ಹರಿವು ಶುರುವಾಗಿದ್ದೇ ಸುಮಾರು 8 ಕಿ.ಮೀ. ಕೆಳಗೆ, ಸೋಮರ್‌ಫರ್ಡ್ ಕೇನ್ಸ್ ಆಚೆ. ದೇವರನ್ನು ಸಾಗಿಸಿದ ಅನುಭವವಂತೂ ಇದೆ. ಕಲ್ಲಿಗೆ ಇನ್ನೂ ಟೆಂಡರ್ ಕರೆದಿಲ್ಲ.